‘ಕಳಪೆ ಕಾಮಗಾರಿ’: ತನಿಖೆಗಿಂತ ಮೊದಲು ಕೇಳಬೇಕಾದ್ದು

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯ ಬೆಂಗಳೂರು ಪುಟದಲ್ಲಿ ‘ಕಳಪೆ ಕಾಮಗಾರಿ’ ಅನ್ನೋ ಶೀರ್ಷಿಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಹಾಕಿದ ಡಾಂಬರು ಕಿತ್ತು ಬಂತು, ಚರಂಡಿಯ ಗೋಡೆ ಕುಸಿಯಿತು, ಕೀ ಕೊಟ್ಟು ವರ್ಷ ತುಂಬದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸೋರುತ್ತಿದೆ. ಕೆಳಗೆ ಎರಡು ಸಾಲು: ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡಿದರು, ತನಿಖೆಗೆ ಆದೇಶಿಸಿದರು. ಸುದ್ದಿ ಅಲ್ಲಿಗೆ ಮುಗಿಯುತ್ತದೆ.

ನಾನು ಕಟ್ಟಡದ ಸೈಟುಗಳಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುವವನು. ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ತುಂಬಿಸುವುದು, ಕಟ್ಟಿದ ಕಬ್ಬಿಣ ಎಣಿಸುವುದು, ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿ ಕೆಳಗಿನ ಮನೆಗೆ ಇಳಿಯುತ್ತಾ ಅಂತ ನೋಡುವುದು, ಇದೇ ನನ್ನ ದಿನದ ಕೆಲಸ. ಅದಕ್ಕೇ ಆ ಶೀರ್ಷಿಕೆ ನೋಡಿದಾಗಲೆಲ್ಲ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಕೆಲಸ ಕೆಟ್ಟ ಮೇಲೆ ಯಾರು ಕೆಡಿಸಿದರು ಅಂತ ಹುಡುಕುತ್ತೇವೆ. ಆದರೆ ಹೆಚ್ಚಿನ ಕಡೆ ಆ ಕೆಲಸ ಕೆಡುತ್ತದೆ ಅನ್ನೋದು ಗುದ್ದಲಿ ಪೂಜೆಗೆ ಮುಂಚೆಯೇ ತೀರ್ಮಾನ ಆಗಿಹೋಗಿರುತ್ತದೆ. ಏನು ಬೇಕು ಅಂತ ಅಳತೆಗೆ ಸಿಗುವ ಹಾಗೆ ಬರೆದಿರುವುದಿಲ್ಲ. ಅದಕ್ಕೆ ಹಿಡಿಯುವಷ್ಟು ದಿನ ಕೊಟ್ಟಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಕಣ್ಣಿಗೆ ಬಿದ್ದಾಗ ‘ನಿಲ್ಲಿಸಿ’ ಅಂತ ಹೇಳುವ ಅಧಿಕಾರ ಅಲ್ಲಿ ನಿಂತಿರುವ ಯಾರಿಗೂ ಇರುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಗ್ಗೆ. ದುಬಾರಿ ಸಾಮಾನು ಹಾಕಿದರೆ ಗುಣಮಟ್ಟ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಫ್ಲ್ಯಾಟ್ ನೋಡಲು ಬರುವವರು ಕೇಳುವುದೂ ಅದನ್ನೇ: ಯಾವ ಕಂಪನಿಯ ನಲ್ಲಿ, ಯಾವ ಮಾರ್ಬಲ್? ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇದೆಯಲ್ವಾ, ಅದು ಅಗ್ಗದ ಸಾಮಾನು. ಆದರೆ ಅಜ್ಜನ ಕಾಲದಲ್ಲಿ ಹಾಕಿದ್ದು ಮೊಮ್ಮಕ್ಕಳ ಕಾಲದಲ್ಲೂ ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ. ಇನ್ನೊಂದು ಕಡೆ ಇಟಾಲಿಯನ್ ಮಾರ್ಬಲ್ ಹಾಕಿದ ಬಾತ್‌ರೂಮಿನಲ್ಲಿ ಸ್ನಾನ ಮಾಡಿದ ನೀರು ಟ್ರ್ಯಾಪ್ ಕಡೆ, ಅಂದರೆ ನೀರು ಹೊರಹೋಗುವ ತೂತಿನ ಕಡೆ, ಹೋಗದೆ ಬಾಗಿಲ ಕಡೆ ಬರುತ್ತದೆ. ದರ್ಜೆ ಬೇರೆ, ಗುಣಮಟ್ಟ ಬೇರೆ. ಕಡಿಮೆ ದರ್ಜೆಯ ಸಾಮಾನು ಆಯ್ಕೆ ಮಾಡಿಕೊಂಡರೆ ಅದರಲ್ಲಿ ತಪ್ಪೇನಿಲ್ಲ, ಜೇಬಿಗೆ ತಕ್ಕ ಹಾಗೆ ಎಲ್ಲರೂ ಮಾಡುತ್ತಾರೆ. ಒಪ್ಪಿಕೊಂಡ ಕೆಲಸವನ್ನು ಸರಿಯಾಗಿ ಮಾಡದಿದ್ದರೆ ಮಾತ್ರ ಅದು ಕಳಪೆ.

ಈ ವಿಷಯದಲ್ಲಿ ದೊಡ್ಡ ಹೆಸರು ಮಾಡಿದವರಲ್ಲಿ ಇಬ್ಬರು ಎರಡು ದಿಕ್ಕಿನಿಂದ ಹೇಳಿದ್ದಾರೆ. ಗುಣಮಟ್ಟ ಅಂದರೆ ಬಳಸುವವನ ಕೆಲಸಕ್ಕೆ ಒದಗುವುದು ಅಂತ ಜೋಸೆಫ್ ಜುರಾನ್. ಏನು ಬೇಕು ಅಂತ ಹೇಳಿದ್ದೆವೋ ಅದಕ್ಕೆ ಸರಿಹೊಂದುವುದು ಅಂತ ಫಿಲಿಪ್ ಕ್ರಾಸ್ಬಿ. ಸೈಟಿನಲ್ಲಿ ಎರಡೂ ಬೇಕು. ಬಳಸುವವನು ಯಾರು ಅಂತ ಕೇಳದೆ ಬರೆದ ನಿಯಮ ಕಾಗದದಲ್ಲಿ ಪಾಸಾಗುತ್ತದೆ, ಬಾತ್‌ರೂಮಿನಲ್ಲಿ ಫೇಲಾಗುತ್ತದೆ. ಬರೆಯದೇ ಬಿಟ್ಟದ್ದನ್ನು ಆಮೇಲೆ ಯಾರ ಹತ್ತಿರವೂ ಕೇಳಲಾಗುವುದಿಲ್ಲ.

ಒಂದು ಸಲ ನಿಮ್ಮ ಮನೆಯ ಅಗ್ರಿಮೆಂಟ್ ತೆಗೆದು ನೋಡಿ. ‘ಉತ್ತಮ ಗುಣಮಟ್ಟದ ಟೈಲ್ಸ್ ಅಳವಡಿಸಲಾಗುವುದು’ ಅನ್ನೋ ಥರದ ಸಾಲು ಇರುತ್ತದೆ. ಇದನ್ನು ಹೇಗೆ ಅಳೆಯೋದು? ಅದರ ಬದಲು ‘ಬಾತ್‌ರೂಮಿನ ನೆಲ ಟ್ರ್ಯಾಪ್ ಕಡೆಗೆ ಮೀಟರಿಗೆ 10 ಮಿಲಿಮೀಟರ್ ಇಳಿಜಾರು ಇರಬೇಕು, ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ ಕೆಳಗಡೆ ಒಂದು ಹನಿ ಕಾಣಬಾರದು’ ಅಂತ ಬರೆದಿದ್ದರೆ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಒಂದು ಬಕೆಟ್ ನೀರು ಸಾಕು. ಜಗಳವೂ ಇರುವುದಿಲ್ಲ, ಯಾಕೆಂದರೆ ಬಕೆಟ್ ನೀರು ಯಾರ ಪರವೂ ಅಲ್ಲ.

ಈಗ ಸ್ಲ್ಯಾಬ್ ಹಾಕುವ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬೆಂಗಳೂರಿನಲ್ಲಿ ಪೀಕ್ ಅವರ್‌ನಲ್ಲಿ ಭಾರಿ ವಾಹನ ಬಿಡುವುದಿಲ್ಲ, ಹಾಗಾಗಿ ನಗರದೊಳಗಿನ ಕಾಂಕ್ರೀಟ್ ಕೆಲಸ ಜಾಸ್ತಿ ರಾತ್ರಿಯೇ ನಡೆಯುತ್ತದೆ. ಪ್ಲಾಂಟ್ ಇರುವುದು ಊರಾಚೆ. ಟ್ರಾನ್ಸಿಟ್ ಮಿಕ್ಸರ್ ಲಾರಿ ಅಲ್ಲಿಂದ ಡ್ರಮ್ ತಿರುಗಿಸಿಕೊಂಡು ಬರಬೇಕು. ಸಾಮಾನ್ಯವಾಗಿ ತುಂಬಿಸಿದ 2 ಗಂಟೆಯೊಳಗೆ ಇಳಿಸಬೇಕು ಅನ್ನೋದು ನಿಯಮ. ದಾರಿಯಲ್ಲಿ ಟ್ರಾಫಿಕ್ ಸಿಕ್ಕಿತು, ಸೈಟಿನ ಮುಂದೆ ಇನ್ನೆರಡು ಲಾರಿ ಕಾಯುತ್ತಿವೆ, ಅಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗುತ್ತಾ ಬರುತ್ತದೆ. ಲಾರಿ ಬಂದ ತಕ್ಷಣ ಸ್ಲಂಪ್ ಟೆಸ್ಟ್ ಮಾಡುತ್ತೇವೆ. 300 ಮಿಲಿಮೀಟರ್ ಎತ್ತರದ ಒಂದು ಕಬ್ಬಿಣದ ಕೋನ್. ಅದಕ್ಕೆ ಪದರ ಪದರವಾಗಿ ಕಾಂಕ್ರೀಟ್ ತುಂಬಿ, ಒಂದೊಂದು ಪದರಕ್ಕೂ ಕಡ್ಡಿಯಿಂದ 25 ಸಲ ಕುಟ್ಟಿ, ಕೋನ್ ಅನ್ನು ನೇರವಾಗಿ ಮೇಲೆತ್ತಬೇಕು. ಗುಡ್ಡೆ ಎಷ್ಟು ಕುಸಿಯಿತು ಅಂತ ಸ್ಕೇಲಿನಲ್ಲಿ ನೋಡಬೇಕು. ಆರ್ಡರ್‌ನಲ್ಲಿ 120 ಮಿಲಿಮೀಟರ್ ಕುಸಿತ ಇದ್ದು ಇಲ್ಲಿ 70 ಬಂದರೆ ಪಂಪ್‌ನಲ್ಲಿ ಹೋಗುವುದು ಕಷ್ಟ. ಆಗ ಪಂಪ್ ಆಪರೇಟರ್ ಕೇಳುತ್ತಾನೆ, ‘ಸಾರ್, ಜಾಮ್ ಆಗುತ್ತೆ, ಸ್ವಲ್ಪ ನೀರು ಬಿಡ್ಲಾ?’

ಇಡೀ ಕಟ್ಟಡದ ಗುಣಮಟ್ಟ ಆ ಒಂದು ಪ್ರಶ್ನೆಯ ಮುಂದೆ ನಿಂತಿರುತ್ತದೆ. ನೀರು ಬಿಟ್ಟರೆ ಕಾಂಕ್ರೀಟ್ ಸರಾಗವಾಗಿ ಹರಿಯುತ್ತದೆ, ಎಲ್ಲರೂ ಬೇಗ ಮನೆಗೆ ಹೋಗಬಹುದು. ಆದರೆ ಸಿಮೆಂಟಿಗೂ ನೀರಿಗೂ ಇರಬೇಕಾದ ಪ್ರಮಾಣ ತಪ್ಪುತ್ತದೆ, ಶಕ್ತಿ ಕುಗ್ಗುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ನೀರಿಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸರಿಯಾದ ದಾರಿಯೂ ಇದೆ. ಪ್ಲಾಂಟಿನ ಟೆಕ್ನಿಷಿಯನ್ ಲೆಕ್ಕ ಹಾಕಿ, ನೀರು ಸೇರಿಸದೆ ಕಾಂಕ್ರೀಟ್ ಹರಿಯುವಂತೆ ಮಾಡುವ ರಾಸಾಯನಿಕವಾದ ಅಡ್‌ಮಿಕ್ಸ್ಚರ್ ಹಾಕಬಹುದು, ಅಥವಾ ಲಾರಿ ವಾಪಸ್ ಕಳಿಸಬಹುದು. ವಾಪಸ್ ಕಳಿಸಿದರೆ ಮುಂದಿನ ಲಾರಿ ಬರೋವರೆಗೆ ಕೆಲಸ ನಿಲ್ಲುತ್ತದೆ, ಕೂಲಿಯವರು ಕೂತಿರುತ್ತಾರೆ, ಪಂಪಿನ ಬಾಡಿಗೆ ಓಡುತ್ತಿರುತ್ತದೆ, ಬೆಳಿಗ್ಗೆ ಪ್ರಾಜೆಕ್ಟ್ ಮ್ಯಾನೇಜರ್ ಫೋನ್ ಮಾಡಿ ‘ಯಾಕ್ರೀ ಲೇಟು’ ಅನ್ನುತ್ತಾರೆ. ರಾತ್ರಿ ಒಂದೂವರೆಗೆ ಅಲ್ಲಿ ನಿಂತಿರುವವನು ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ. ಅವನಿಗೆ ಉತ್ತರ ಗೊತ್ತಿರುತ್ತದೆ. ಅದನ್ನು ಹೇಳುವ ಧೈರ್ಯ ಅವನಿಗೆ ಯಾರೂ ಕೊಟ್ಟಿರುವುದಿಲ್ಲ.

ಪರೀಕ್ಷೆ ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ಮಾಡುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ 31ರಿಂದ 50 ಘನ ಮೀಟರ್ ಕಾಂಕ್ರೀಟಿಗೆ 4 ಸ್ಯಾಂಪಲ್ ತೆಗೆಯಬೇಕು, ಒಂದೊಂದು ಸ್ಯಾಂಪಲ್‌ಗೂ 3 ಕ್ಯೂಬ್. ಆ ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು ಆಮೇಲೆ ಮಷಿನ್‌ನಲ್ಲಿ ಒಡೆದು ನೋಡಬೇಕು. ಆ ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಆ ಸ್ಲ್ಯಾಬಿನ ಮೇಲೆ ಇನ್ನೊಂದು ಮಹಡಿಯೇ ಎದ್ದಿರುತ್ತದೆ. ಫೇಲ್ ಅಂತ ಬಂದರೆ ಏನು ಮಾಡುತ್ತೀರಿ? ಒಡೆದು ಹಾಕುವ ಮನಸ್ಸು ಎಷ್ಟು ಜನಕ್ಕೆ ಬರುತ್ತದೆ? ಸ್ಲ್ಯಾಬ್ ಕೊರೆದು ತುಂಡು (ಕೋರ್) ತೆಗೆಯುತ್ತಾರೆ, ಮೇಲೆ ಬಡಿದು ಗಟ್ಟಿತನ ಅಂದಾಜು ಮಾಡುವ ರೀಬೌಂಡ್ ಹ್ಯಾಮರ್ ಹಿಡಿಯುತ್ತಾರೆ, ಹೇಗೋ ಒಂದು ನಂಬರು ಸಿಗುವವರೆಗೆ ಹುಡುಕುತ್ತಾರೆ. ಕೊನೆಯಲ್ಲಿ ಮಾಡುವ ಪರೀಕ್ಷೆ ಆಗಿಹೋದದ್ದನ್ನು ತಿಳಿಸುತ್ತದೆ, ಅಷ್ಟೇ. ಎಡ್ವರ್ಡ್ಸ್ ಡೆಮಿಂಗ್ ಅನ್ನೋ ಅಮೆರಿಕದ ಸಂಖ್ಯಾಶಾಸ್ತ್ರಜ್ಞ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೆ ಪಾಠ ಮಾಡಿದರು, ಮರುವರ್ಷವೇ ಅಲ್ಲಿನವರು ಅವರ ಹೆಸರಲ್ಲಿ ಪ್ರಶಸ್ತಿ ಶುರುಮಾಡಿದರು. ಆ ಡೆಮಿಂಗ್ ಜೀವನಪೂರ್ತಿ ಹೇಳಿದ ಮಾತುಗಳಲ್ಲಿ ಒಂದು ಇದು: ತಪಾಸಣೆ ಮಾಡಿ ಗುಣಮಟ್ಟ ತರುತ್ತೇವೆ ಅಂತ ಕೂರಬೇಡಿ, ಕೆಲಸ ನಡೆಯುವ ಕ್ರಮದಲ್ಲೇ ಅದನ್ನು ಸೇರಿಸಿ.

ಕ್ರಮದಲ್ಲೇ ಸೇರಿಸುವುದು ಅಂದರೆ ಏನು? ಒಂದು ಉದಾಹರಣೆ ಪೋರ್ ಕಾರ್ಡ್. ಕಾಂಕ್ರೀಟ್ ಹಾಕುವ ಮೊದಲು ಸುತ್ತುವ ಒಂದು ಹಾಳೆ ಇದು. ಸೆಂಟ್ರಿಂಗ್‌ನವರು, ಕಬ್ಬಿಣದವರು, ಎಲೆಕ್ಟ್ರಿಕಲ್ ಪೈಪಿನವರು, ಪ್ಲಂಬಿಂಗ್‌ನವರು, ಕೊನೆಗೆ ಕ್ವಾಲಿಟಿಯವರು, ಎಲ್ಲರೂ ಸಹಿ ಹಾಕಿದ ಮೇಲೇ ಪ್ಲಾಂಟಿಗೆ ಆರ್ಡರ್ ಹೋಗಬೇಕು. ಕಬ್ಬಿಣವನ್ನು ಶೀಟಿನಿಂದ ಮೇಲೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿದ್ದಾರಾ, ಕಬ್ಬಿಣ ಶೀಟಿಗೆ ಅಂಟಿಕೊಂಡಿದೆಯಾ, ತೊಲೆ ಕಂಬ ಸೇರುವ ಜಾಗದಲ್ಲಿ ಕಾಂಕ್ರೀಟನ್ನು ಅಲುಗಿಸಿ ಒಳಗೆ ತುಂಬಿಸುವ ವೈಬ್ರೇಟರ್ ನೀಡಲ್ ಇಳಿಯುವಷ್ಟು ಸಂದು ಇದೆಯಾ ಅಂತ ಆಗಲೇ ನೋಡಬಹುದು, ಆಗ ಸರಿಮಾಡಲು ಅರ್ಧ ಗಂಟೆ ಸಾಕು. ಕಾಗದದ ಮೇಲೆ ಪೋರ್ ಕಾರ್ಡ್ ಇಲ್ಲದ ದೊಡ್ಡ ಸೈಟು ಇಲ್ಲ. ಆದರೆ ಎಷ್ಟೋ ಕಡೆ ಕಾಂಕ್ರೀಟ್ ಆದ ಮಾರನೇ ದಿನ ಒಟ್ಟಿಗೆ ಕೂತು ಸಹಿ ಮಾಡುತ್ತಾರೆ. ಹಾಗೆ ಮಾಡಿದರೆ ಅದು ಸುಮ್ನೆ ಕಾಗದ.

ಯಾಕೆ ಹಾಗಾಗುತ್ತದೆ ಅಂದರೆ, ಕ್ವಾಲಿಟಿ ಎಂಜಿನಿಯರ್ ಸಂಬಳ, ಬಡ್ತಿ, ರಜೆ ಎಲ್ಲ ಅದೇ ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲಿರುತ್ತದೆ. ಆ ಮ್ಯಾನೇಜರ್‌ಗೆ ಮೇಲಿನವರು ತಿಂಗಳಿಗೆ ಎಷ್ಟು ಸ್ಲ್ಯಾಬ್ ಆಯಿತು ಅಂತ ಮಾತ್ರ ಕೇಳುತ್ತಾರೆ. ಅವರನ್ನು ಕೆಟ್ಟವರು ಅನ್ನುವುದಿಲ್ಲ ನಾನು, ಅವರನ್ನು ಅಳೆಯುವ ಕೋಲೇ ಹಾಗಿದೆ. ಕ್ವಾಲಿಟಿಯವನು ಸೈಟಿನ ಮ್ಯಾನೇಜರ್‌ಗಲ್ಲ, ನೇರವಾಗಿ ಹೆಡ್ ಆಫೀಸಿಗೆ ಉತ್ತರ ಕೊಡುವಂತೆ ಮಾಡಬೇಕು. ಅವನ ಸಹಿ ಇಲ್ಲದೆ ಮುಂದಿನ ಹೆಜ್ಜೆ ಇಡಬಾರದ ಜಾಗಗಳನ್ನು, ನಾವು ಹೋಲ್ಡ್ ಪಾಯಿಂಟ್ ಅನ್ನುತ್ತೇವೆ, ಟೆಂಡರಿನಲ್ಲೇ ಬರೆದಿಡಬೇಕು. ಅವನು ನಿಲ್ಲಿಸಿದ ದಿನಕ್ಕೆ ಗುತ್ತಿಗೆದಾರನಿಗೆ ದಂಡ ಬೀಳಬಾರದು. ಇದಿಷ್ಟು ಇದ್ದರೆ ರಾತ್ರಿ ಒಂದೂವರೆಯ ಆ ಹುಡುಗ ‘ಬೇಡ, ವಾಪಸ್ ಕಳಿಸಿ’ ಅಂತ ಹೇಳಿಯೇ ಹೇಳುತ್ತಾನೆ. ಹೇಳಿದ ಹುಡುಗರನ್ನು ನಾನು ನೋಡಿದ್ದೇನೆ. ಅಂಥ ಸೈಟುಗಳಲ್ಲಿ ಒಂದೆರಡು ಲಾರಿ ವಾಪಸ್ ಹೋದ ಮೇಲೆ ಪ್ಲಾಂಟಿನವರೇ ಹುಷಾರಾಗುತ್ತಾರೆ.

ಇನ್ನು ದಿನಗಳ ವಿಷಯ. ಕ್ಯೂರಿಂಗ್ ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಅಂತ ಐಎಸ್ 456 ಹೇಳುತ್ತದೆ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬೆರೆತ ಸಿಮೆಂಟೇ. ಸ್ಲ್ಯಾಬ್ ಕೆಳಗಿನ ಆನಿಕೆ ತೆಗೆಯಲು, ಸ್ಲ್ಯಾಬ್ ಹೊತ್ತ ಗೋಡೆ ಅಥವಾ ತೊಲೆಗಳ ನಡುವಿನ ಅಂತರ 4.5 ಮೀಟರ್ ಒಳಗಿದ್ದರೆ 7 ದಿನ, ಜಾಸ್ತಿ ಇದ್ದರೆ 14 ದಿನ. ಇದು ಸಿಮೆಂಟಿನ ಸ್ವಭಾವ, ಯಾವ ಮಂತ್ರಿ ಹೇಳಿದರೂ ಬೇಗ ಆಗುವುದಿಲ್ಲ. ಆದರೆ ಕೆಲಸದ ವೇಳಾಪಟ್ಟಿ ತೆಗೆದು ನೋಡಿದರೆ ಕ್ಯೂರಿಂಗ್‌ಗೆ ಅಂತ ಒಂದು ಗೆರೆಯೇ ಇರುವುದಿಲ್ಲ. ಕಾಂಕ್ರೀಟ್ ಇವತ್ತು, ಇಟ್ಟಿಗೆ ಕೆಲಸ ನಾಳೆಯಿಂದ. ಉದ್ಘಾಟನೆಯ ದಿನ ಮೊದಲು ನಿಗದಿ ಮಾಡಿ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ಹೀಗೇ ಆಗುವುದು.

2024ರ ಬೇಸಿಗೆಯಲ್ಲಿ ನಗರಕ್ಕೆ ನೀರಿಲ್ಲದೆ ಹೋದಾಗ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿತು, ತಪ್ಪಿದರೆ 5,000 ರೂಪಾಯಿ ದಂಡ. ಆದೇಶ ಸರಿಯಾಗಿತ್ತು, ಜನಕ್ಕೆ ಕುಡಿಯಲು ಇಲ್ಲದಾಗ ಸ್ಲ್ಯಾಬಿಗೆ ಸುರಿಯುವುದು ನ್ಯಾಯವಲ್ಲ. ಆದರೆ ಅದನ್ನೇ ನೆಪ ಮಾಡಿಕೊಂಡು ಕ್ಯೂರಿಂಗ್ ಬಿಟ್ಟವರಿದ್ದಾರೆ. ಬಿಡಬೇಕಾಗಿರಲಿಲ್ಲ. ಒದ್ದೆ ಗೋಣಿಚೀಲ ಹೊದಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ನೀರು ಬಹಳ ಕಡಿಮೆ ಸಾಕು. ಶುದ್ಧೀಕರಿಸಿದ ನೀರನ್ನು ಪರೀಕ್ಷೆ ಮಾಡಿಸಿ ಬಳಸಬಹುದು. ಒಳಗಿನ ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಬಳಿಯಬಹುದು. ಬೇಸಿಗೆಯಲ್ಲಿ ನೀರು ಕಷ್ಟ ಆಗುತ್ತದೆ ಅನ್ನೋದು ಬೆಂಗಳೂರಿನವರಿಗೆ ಹೊಸ ವಿಷಯವಲ್ಲ. ಕೆಲಸದ ಯೋಜನೆ ಮಾಡುವಾಗ ಅದನ್ನೂ ಸೇರಿಸಿಕೊಳ್ಳದಿದ್ದರೆ ಅದು ಯೋಜನೆಯೇ ಅಲ್ಲ.

ಕೆಲಸ ಮಾಡುವ ಕೈಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಕಳಪೆ ಅಂದ ತಕ್ಷಣ ಕೆಲಸಗಾರರ ಮೇಲೆ ಹಾಕುವುದು ಸುಲಭ. ಇಲ್ಲಿ ಕಬ್ಬಿಣ ಕಟ್ಟುವವರು ಬಿಹಾರ, ಒಡಿಶಾ, ಬಂಗಾಳದಿಂದ ಬಂದಿರುತ್ತಾರೆ, ಗಾರೆಯವರು ರಾಯಚೂರು, ಕಲಬುರಗಿ ಕಡೆಯವರು, ಮೇಸ್ತ್ರಿಯ ಮಾತು ತೆಲುಗು, ಡ್ರಾಯಿಂಗ್ ಪೂರ್ತಿ ಇಂಗ್ಲಿಷಿನಲ್ಲಿ. ಏನು ಬೇಕು ಅಂತ ಆ ಹಾಳೆಯಲ್ಲಿ ಬರೆದು ಆಫೀಸ್ ಗೋಡೆಗೆ ಅಂಟಿಸಿದರೆ ಯಾರಿಗೆ ಏನು ತಲುಪುತ್ತದೆ? ಅದರ ಮೇಲೆ ಕೂಲಿ ಚದರಡಿ ಲೆಕ್ಕ. ಬೇಗ ಮುಗಿಸಿದವನಿಗೆ ದುಡ್ಡು ಜಾಸ್ತಿ, ನೀಟಾಗಿ ಮಾಡಿದವನಿಗೆ ಕಡಿಮೆ. ಹೀಗೆ ಲೆಕ್ಕ ಇಟ್ಟು ನೀಟಾದ ಕೆಲಸ ನಿರೀಕ್ಷಿಸುವುದು ಹೇಗೆ?

ನಾನು ನೋಡಿದ್ದರಲ್ಲಿ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ ಉಪಾಯ ಒಂದೇ. ನೂರಾರು ಬಾತ್‌ರೂಮ್ ಶುರುಮಾಡುವ ಮೊದಲು ಒಂದೇ ಒಂದು ಬಾತ್‌ರೂಮನ್ನು ಪೂರ್ತಿ ಮುಗಿಸುವುದು. ಪೈಪ್ ಹಾದುಹೋಗುವ ತೂತಿನ ಸುತ್ತ ಗ್ರೌಟ್ ಹೇಗೆ ತುಂಬಬೇಕು, ವಾಟರ್‌ಪ್ರೂಫಿಂಗ್ ಬಳಿದದ್ದು ಗೋಡೆಗೆ ಎಷ್ಟು ಎತ್ತರ ಹತ್ತಬೇಕು, ಯಾರ ನಂತರ ಯಾರು ಬರಬೇಕು, ಎಲ್ಲ ಅಲ್ಲೇ ತೀರ್ಮಾನ ಮಾಡಿಕೊಳ್ಳುವುದು. ಆ ಕೊನೇದು ತುಂಬಾ ಮುಖ್ಯ. ವಾಟರ್‌ಪ್ರೂಫಿಂಗ್ ಆಗಿ, ನೀರು ನಿಲ್ಲಿಸಿ ಪಾಸ್ ಮಾಡಿ, ಫೋಟೊ ತೆಗೆದು ಫೈಲಿಗೆ ಹಾಕಿದ ಮೇಲೆ ಪ್ಲಂಬರ್ ಬಂದು ‘ಒಂದು ಪೈಪ್ ಮರೆತಿದ್ದೆ’ ಅಂತ ಅದನ್ನೇ ಕೊರೆಯುತ್ತಾನೆ. ಆರು ತಿಂಗಳ ಮೇಲೆ ಕೆಳಗಿನ ಮನೆಯವರ ಸೀಲಿಂಗ್ ಕಪ್ಪಾಗುತ್ತದೆ. ಪರೀಕ್ಷೆ ಪಾಸಾಗಿದೆ, ಕೆಲಸ ಫೇಲಾಗಿದೆ. ಮಾದರಿ ಬಾತ್‌ರೂಮ್ ಮಾಡಿದ ಸೈಟಿನಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್ ಮೇಸ್ತ್ರಿ ಎಲ್ಲರನ್ನೂ ಅದರೊಳಗೆ ನಿಲ್ಲಿಸಿ ‘ಇದೇ ಥರ ಬೇಕು’ ಅಂತ ತೋರಿಸಿದರೆ ಭಾಷೆಯ ತೊಂದರೆ ಅರ್ಧಕ್ಕರ್ಧ ಹೋಗುತ್ತದೆ. ಅದನ್ನು ಮೊದಲು ಮಾಡಿದ ಮೇಸ್ತ್ರಿಗೆ ಅದು ತನ್ನದು ಅನ್ನೋ ಹೆಮ್ಮೆ ಬರುತ್ತದೆ. ಬೇರೆಯವರು ಕೆಟ್ಟದಾಗಿ ಮಾಡಿದರೆ ಅವನೇ ಬೈಯುತ್ತಾನೆ.

ರಸ್ತೆಗೂ ಇದೇ ಮಾತು. ಡಾಂಬರು ರಸ್ತೆ ಕಿತ್ತು ಬಂದರೆ ‘ಡಾಂಬರೇ ಹಾಕಿಲ್ಲ’ ಅನ್ನುತ್ತೇವೆ. ಎಷ್ಟೋ ಸಲ ಹಾಕಿರುತ್ತಾರೆ, ಆದರೆ ತಣ್ಣಗಾದ ಮೇಲೆ ಹಾಕಿರುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯಲ್ಲಿ ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ, ರೋಲರ್ ಓಡಿಸುವಾಗ ಕನಿಷ್ಠ 90 ಡಿಗ್ರಿ ಬಿಸಿ ಇರಬೇಕು ಅಂತ ಇದೆ. ಊರಾಚೆಯ ಪ್ಲಾಂಟಿನಿಂದ ಟಾರ್ಪಾಲ್ ಹೊದಿಸದೆ ಬಂದ ಟಿಪ್ಪರ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಆ ಬಿಸಿ ಉಳಿಯುವುದಿಲ್ಲ. ಆರಿದ ಮಿಶ್ರಣದ ಮೇಲೆ ಎಷ್ಟು ರೋಲರ್ ಓಡಿಸಿದರೂ ಜಲ್ಲಿ ಕಚ್ಚಿಕೊಳ್ಳುವುದಿಲ್ಲ, ಸಂದಿನಲ್ಲಿ ನೀರು ಸೇರುತ್ತದೆ, ಒಂದೇ ಮಳೆಗೆ ಎದ್ದು ಬರುತ್ತದೆ. ಟಿಪ್ಪರ್ ಬಂದಾಗ ಥರ್ಮಾಮೀಟರ್ ಚುಚ್ಚಿ ನೋಡಿ, ಕಡಿಮೆ ಇದ್ದರೆ ವಾಪಸ್ ಕಳಿಸುವ ಒಬ್ಬ ಮನುಷ್ಯ ಅಲ್ಲಿದ್ದರೆ ಸಾಕಿತ್ತು. ಮತ್ತೆ ಅದೇ ಪ್ರಶ್ನೆ, ಅವನಿಗೆ ವಾಪಸ್ ಕಳಿಸುವ ಅಧಿಕಾರ ಇದೆಯಾ?

ರಸ್ತೆ ಚೆನ್ನಾಗಿ ಹಾಕಿದ ತಿಂಗಳಿಗೇ ಕೇಬಲ್‌ನವರು ಅಗೆಯುತ್ತಾರೆ ಅನ್ನೋದೂ ಗುಣಮಟ್ಟದ ಸಮಸ್ಯೆಯೇ. ಬೆಂಗಳೂರಿನ ಟೆಂಡರ್ ಶ್ಯೂರ್ ಅನ್ನೋ ಯೋಜನೆಯ ರಸ್ತೆಗಳಲ್ಲಿ ಈ ವಿಷಯವನ್ನು ಮೊದಲೇ ಯೋಚಿಸಿದರು. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ನೆಲದಡಿ ಜಾಗ ಬಿಟ್ಟು ಆಮೇಲೆ ಮೇಲಿನ ಕೆಲಸ ಮಾಡಿದರು. ಖರ್ಚು ಜಾಸ್ತಿ ಅಂತ ಆಗ ಟೀಕೆ ಬಂತು. ರೆಸಿಡೆನ್ಸಿ ರಸ್ತೆಯ ಫುಟ್‌ಪಾತಿನಲ್ಲಿ ಒಮ್ಮೆ ನಡೆದು, ಆಮೇಲೆ ಪಕ್ಕದ ಯಾವುದಾದರೂ ಅಡ್ಡರಸ್ತೆಯಲ್ಲಿ ನಡೆದು ನೋಡಿದರೆ ಆ ಖರ್ಚು ಎಲ್ಲಿಗೆ ಹೋಯಿತು ಅಂತ ಕಾಲಿಗೇ ಗೊತ್ತಾಗುತ್ತದೆ.

ಮೊದಲು ಉಳಿಸಿದ್ದನ್ನು ಆಮೇಲೆ ಹಲವು ಪಟ್ಟು ಕಟ್ಟಬೇಕಾಗುತ್ತದೆ. 2018ರ ಡಿಸೆಂಬರ್ ಕೊನೆಯಲ್ಲಿ ಟ್ರಿನಿಟಿ ನಿಲ್ದಾಣದ ಹತ್ತಿರ ಮೆಟ್ರೊದ 155ನೇ ಕಂಬದ ಬಳಿ ಕಾಂಕ್ರೀಟಿನಲ್ಲಿ ಹನಿಕೂಂಬ್ ಕಂಡು, ಎಂ.ಜಿ. ರಸ್ತೆಯಿಂದ ಇಂದಿರಾನಗರದವರೆಗೆ ರೈಲು ನಿಲ್ಲಿಸಿ ರಿಪೇರಿ ಮಾಡಿದ್ದು ನಿಮಗೆ ನೆನಪಿರಬಹುದು. ಆ ಮಾರ್ಗ ಶುರುವಾಗಿದ್ದು 2011ರ ಅಕ್ಟೋಬರ್‌ನಲ್ಲಿ. ಹನಿಕೂಂಬ್ ಅಂದರೆ ಕಾಂಕ್ರೀಟ್ ಒಳಗೆ ಪೂರ್ತಿ ತುಂಬಿಕೊಳ್ಳದೆ ಜೇನುಗೂಡಿನ ಹಾಗೆ ಪೊಳ್ಳು ಉಳಿಯುವುದು. ಕಬ್ಬಿಣ ತೀರಾ ಒತ್ತಾಗಿದ್ದರೆ ಅಥವಾ ವೈಬ್ರೇಟರ್ ಸರಿಯಾಗಿ ಇಳಿಯದಿದ್ದರೆ ಹೀಗಾಗುತ್ತದೆ. ಕಾಂಕ್ರೀಟ್ ಹಾಕುವ ದಿನ ಕೆಲವೇ ನಿಮಿಷದಲ್ಲಿ ಸರಿಹೋಗುವ ವಿಷಯ, ವರ್ಷಗಳ ಮೇಲೆ ರೈಲು ನಿಲ್ಲಿಸುವ ವಿಷಯ ಆಗುತ್ತದೆ. ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಸೇತುವೆಯನ್ನು ಬಿಗಿದು ಹಿಡಿಯುವ ಉಕ್ಕಿನ ಕೇಬಲ್‌ಗಳ ಸಮಸ್ಯೆಯಿಂದ ಮುಚ್ಚಿದಾಗ ತುಮಕೂರು ರಸ್ತೆಯಲ್ಲಿ ಲಾರಿ, ಬಸ್ಸಿನವರು ಪಟ್ಟ ಪಾಡು ಯಾವ ಟೆಂಡರಿನ ಲೆಕ್ಕದಲ್ಲೂ ಸೇರಿಲ್ಲ.

ಟೆಂಡರಿನಲ್ಲಿ ಅರ್ಹರಲ್ಲಿ ಅತಿ ಕಡಿಮೆ ದರ ಹೇಳಿದವರಿಗೆ ಕೆಲಸ ಹೋಗುತ್ತದೆ, ಅದನ್ನೇ ಎಲ್ಲ ರೋಗಕ್ಕೂ ಮೂಲ ಅನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಏನು ಬೇಕು, ಹೇಗೆ ಅಳೆಯುತ್ತೇವೆ, ಅಳತೆಗೆ ಬಾರದಿದ್ದರೆ ಬಿಲ್ ಪಾಸಾಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರೆ ದರ ಹೇಳುವವನೂ ಅದಕ್ಕೆ ತಕ್ಕ ಹಾಗೆ ಹೇಳುತ್ತಾನೆ. ಬರೆಯದೇ ಬಿಟ್ಟ ಜಾಗದಲ್ಲೇ ಕಡಿಮೆ ದರದವನು ಹೊಟ್ಟೆ ತುಂಬಿಸಿಕೊಳ್ಳುವುದು. ಆದರೆ ಬಿಲ್ಲುಗಳನ್ನು ವರ್ಷಗಟ್ಟಲೆ ಬಾಕಿ ಇಟ್ಟುಕೊಂಡು ಗುಣಮಟ್ಟ ಕೇಳುವ ನೈತಿಕ ಹಕ್ಕು ಯಾವ ಇಲಾಖೆಗೂ ಇಲ್ಲ. ಅದನ್ನೂ ಹೇಳಲೇಬೇಕು.

ನಮ್ಮ ಅಕ್ಕನ ಮಗ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಅವನು ಹೇಳುವುದು ಕೇಳಿದರೆ ಅಲ್ಲೂ ಇದೇ ಕಥೆ. ಕೋಡ್ ಬರೆಯುವುದು ತಡವಾದರೆ ರಿಲೀಸ್ ದಿನ ಮುಂದೆ ಹೋಗುವುದಿಲ್ಲ, ಟೆಸ್ಟಿಂಗ್‌ಗೆ ಇಟ್ಟ ದಿನ ಕಡಿಮೆಯಾಗುತ್ತದೆ. ಗ್ರಾಹಕನಿಗೆ ಏನು ಬೇಕು ಅಂತ ಮೊದಲೇ ಕೂತು ಬರೆದಿದ್ದರೆ ಅರ್ಧ ಬಗ್ ಹುಟ್ಟುತ್ತಲೇ ಇರಲಿಲ್ಲ ಅನ್ನುತ್ತಾನೆ. ‘ಈ ಸ್ಥಿತಿಯಲ್ಲಿ ಬಿಡಬಾರದು’ ಅಂತ ಮೇಲ್ ಹಾಕಿದವನನ್ನು ‘ಟೀಮ್ ಪ್ಲೇಯರ್ ಅಲ್ಲ’ ಅನ್ನುತ್ತಾರಂತೆ. ಕಾಂಕ್ರೀಟ್ ಇಲ್ಲದ ಕಡೆಯೂ ಪಂಪ್ ಆಪರೇಟರ್ ಪ್ರಶ್ನೆ ಇದ್ದೇ ಇದೆ.

ಪರೀಕ್ಷೆಯ ಫಲಿತಾಂಶ ಫೈಲಿನಲ್ಲಿ ಮಲಗಬಾರದು ಅನ್ನೋದೂ ನನ್ನ ಒತ್ತಾಯ. ಕ್ಯೂಬಿನ 7 ದಿನದ ಫಲಿತಾಂಶ ಬರುತ್ತದೆ, ಸಾಮಾನ್ಯವಾಗಿ ಆಗ 28 ದಿನದ ಶಕ್ತಿಯ ಮೂರರಲ್ಲಿ ಎರಡು ಪಾಲು ಬಂದಿರುತ್ತದೆ. ಅದನ್ನು ದಿನಾಂಕದ ಪ್ರಕಾರ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸೈಟ್ ಆಫೀಸಿನ ಗೋಡೆಗೆ ಅಂಟಿಸಿದರೆ, ಚುಕ್ಕಿಗಳು ಮೆಲ್ಲಗೆ ಕೆಳಗೆ ಜಾರುತ್ತಿರುವುದು ಫೇಲಾಗುವ ಮೊದಲೇ ಕಾಣುತ್ತದೆ. ವಾಲ್ಟರ್ ಶೂಹಾರ್ಟ್ 1924ರಲ್ಲೇ ಈ ಬಗೆಯ ಚಾರ್ಟ್ ರೂಪಿಸಿದರು. ನೂರು ವರ್ಷ ದಾಟಿತು. ಇದಕ್ಕೆ ಕಂಪ್ಯೂಟರ್ ಕೂಡ ಬೇಡ, ಪೆನ್ಸಿಲ್ ಸಾಕು. ಆದರೂ ಎಷ್ಟು ಸೈಟಿನಲ್ಲಿ ಇದೆ?

ನನ್ನ ಬೇಡಿಕೆ ಸರಳ. ಈಗ ಕಾಮಗಾರಿ ನಡೆಯುವ ಜಾಗದಲ್ಲಿ ಹಾಕುವ ಫಲಕದಲ್ಲಿ ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರರು, ಶುರುವಾದ ದಿನ, ಮುಗಿಯುವ ದಿನ ಇರುತ್ತದೆ. ಹಣ ಮತ್ತು ದಿನ ಬಂತು, ಗುಣಮಟ್ಟದ ಒಂದು ಸಾಲೂ ಇಲ್ಲ. ನಗರದ ಐದೂ ಪಾಲಿಕೆಗಳು ಆ ಫಲಕಕ್ಕೆ ಇನ್ನೂ ಕೆಲವು ಸಾಲು ಸೇರಿಸಲಿ. ಡಾಂಬರು ಎಷ್ಟು ಮಿಲಿಮೀಟರ್ ದಪ್ಪ ಅಥವಾ ಕಾಂಕ್ರೀಟ್ ಯಾವ ದರ್ಜೆ, ದೋಷ ಕಂಡರೆ ಗುತ್ತಿಗೆದಾರರೇ ರಿಪೇರಿ ಮಾಡಿಕೊಡಬೇಕಾದ ಅವಧಿ ಯಾವ ತಾರೀಕಿಗೆ ಮುಗಿಯುತ್ತದೆ, ಕೆಲಸ ನಿಲ್ಲಿಸುವ ಅಧಿಕಾರ ಯಾವ ಹುದ್ದೆಯವರಿಗಿದೆ. ಪರೀಕ್ಷೆಯ ರಿಪೋರ್ಟ್ ವೆಬ್‌ಸೈಟಿನಲ್ಲಿ ಹಾಕಲಿ. ನಿಮ್ಮ ವರದಿಗಾರರು ಕೂಡ ಶಂಕುಸ್ಥಾಪನೆ ದಿನ ಮೊತ್ತ ಎಷ್ಟು ಅಂತ ಕೇಳುವಾಗಲೇ ಇದನ್ನೂ ಕೇಳಲಿ ಅಂತ ವಿನಂತಿ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಫ್ಲ್ಯಾಟ್ ಕೊಂಡವರಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಇದೆ. ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡಬೇಕು. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಫೋಟೊ ಸಮೇತ ಬರೆದು ಕೊಡಿ.

ಸರ್ಕಾರಿ ಕೆಲಸಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರಲ್ಲಿ ಬರೀ ಕಾಗದ ಕೇಳುವುದಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅರ್ಜಿ ಶುಲ್ಕ 10 ರೂಪಾಯಿ, ಕನ್ನಡದಲ್ಲೇ ಬರೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು, ಹಾಗಾಗಿ ಕಥೆ ಬರೆಯಬೇಡಿ. ರಸ್ತೆಯ ಹೆಸರು ಹಾಕಿ, ಡಾಂಬರು ಹಾಸಿದ ದಿನದ ತಾಪಮಾನದ ದಾಖಲೆ, ದಪ್ಪದ ಅಳತೆಯ ದಾಖಲೆ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ, ಇವಿಷ್ಟರ ದೃಢೀಕೃತ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ‘ದಾಖಲೆ ಲಭ್ಯವಿಲ್ಲ’ ಅಂತ ಬಂದರೆ ಆ ಉತ್ತರವನ್ನೇ ದಯವಿಟ್ಟು ಈ ಪತ್ರಿಕೆಗೆ ಕಳಿಸಿ.

ವಂದನೆಗಳೊಂದಿಗೆ,
ಒಬ್ಬ ಕ್ವಾಲಿಟಿ ಎಂಜಿನಿಯರ್,
ಬನಶಂಕರಿ, ಬೆಂಗಳೂರು